ಕಾಲುಭಾಗ

ನಗಬೇಡಿ. ನಿಮ್ಮ ನಿಮ್ಮ ಸೊಂಟದ ಕೆಳಗೆ ಕೈಯಿಟ್ಟು ನೋಡಿ.
ಪಕ್ಕದಲ್ಲಿ ಗಟ್ಟಿಯಾಗಿ ಸಿಗುವುದು ತೊಡೆಮೂಳೆಯ ಗೂಟ.
ಕೂತಾಗ ಬೆಂಚಿಗೆ ಒತ್ತುವುದು ಕೂರುವ ಎಲುಬು.
ಎರಡರ ನಡುವೆ
ಬೆರಳಿನಷ್ಟು ದಪ್ಪಗೆ ಇಳಿಯುತ್ತದೆ
ಮೈಯಲ್ಲೇ ದೊಡ್ಡ ನರ.

ಮರಸೇಬಿನ ಆಕಾರದ ಸ್ನಾಯುವೊಂದರ
ಕೆಳಗಿಂದ ಹೊರಬರುತ್ತದೆ ಅನ್ನುತ್ತದೆ ಪುಸ್ತಕ.
ಕುಮಿಯಲ್ಲಿ ಮರಸೇಬು ಕಂಡವರು ಯಾರು?
ಒಂದು ತುದಿ ಸಣ್ಣಗಾದ ಎಳೆ ಪರಂಗಿ ಅಂದುಕೊಳ್ಳಿ,
ಅಡ್ಡ ಮಲಗಿಸಿದ್ದು.
ಅದರ ಮೇಲಂಚಿನಿಂದ ಒಂದು ನರ ಹೊರಟು
ನೀವು ಒಂಟಿಕಾಲಲ್ಲಿ ನಿಂತಾಗ
ಆಚೆ ಕಡೆಯ ಸೊಂಟ ಜೋಲದಂತೆ ಕಾಯುತ್ತದೆ.
ಕೆಳಗಿಂದ ಹೊರಟ ಇನ್ನೊಂದು
ಬಂಡೆ ಹತ್ತುವಾಗ ಹಿಂದಿನಿಂದ ನೂಕುತ್ತದೆ.
ದೊಡ್ಡದು ಮಾತ್ರ ಇಲ್ಲಿ ಯಾರಿಗೂ ಏನೂ ಕೊಡದೆ
ದಾರಿಹೋಕನಂತೆ ಹಾದುಹೋಗುತ್ತದೆ.
ಅದಕ್ಕೆ ಕಾಲಿಗೆ ಹೋಗಬೇಕು.
ನಮ್ಮ ಸೂಜಿಗೆ ಸಿಗುವುದು ಹಾಗೆ, ದಾರಿಯಲ್ಲಿ.
ಪಾದ ಎತ್ತುವ ಎಳೆಗಳು ಅದರ ಹೊರ ಅಂಚಿನಲ್ಲಿವೆ,
ಮೊದಲು ಸಾಯುವುದು ಅವೇ.

ಕುಂಡೆಯ ಮೇಲೆ ಮನಸ್ಸಿನಲ್ಲೇ ಶಿಲುಬೆ ಎಳೆಯಿರಿ.
ಮೇಲಿನ, ಹೊರಗಿನ ಕಾಲುಭಾಗ ಮಾತ್ರ ನಿಮ್ಮದು.
ಈ ಕಾಲು ತಪ್ಪಿದರೆ
ಆ ಕಾಲು ಹೋಯಿತು.
ಕೂಸುಗಳಿಗೆ ಅದೂ ಬೇಡ, ತೊಡೆಗೆ ಕೊಡಿ.

ಪ್ರತಿ ವರ್ಷ ಇಷ್ಟು ಹೇಳಿ ಸೀಮೆಸುಣ್ಣ ಕೆಳಗಿಡುತ್ತೇನೆ.
ಕೈ ಒರೆಸಿಕೊಳ್ಳುತ್ತೇನೆ.

ರಾಗಿ ಕೊಯ್ಲಿನ ತಿಂಗಳು. ಸೀಮೆಎಣ್ಣೆ ದೀಪ.
ಸಾಲಿನಲ್ಲಿ ಹದಿನಾಲ್ಕು ತಾಯಂದಿರು,
ಮಾತ್ರೆ ಕೊಟ್ಟರೆ ಮುಖ ಸಪ್ಪೆ ಮಾಡುವವರು;
ಚುಚ್ಚಿದರೇ ಔಷಧಿ, ಆ ಕಾಲಕ್ಕೆ.
ಇಮಲಿಂಗಾಟ್‌ಗೆ ಮೂರು ವರ್ಷ. ನಡುಹಗಲ ಬಂಡೆಯಂತೆ ಮೈ.
ಹಿಂದೆ ಮಾಂಸವೆಂಬುದೇ ಇರಲಿಲ್ಲ, ಎರಡು ಮಡಿಕೆ ಚರ್ಮ.
ಒದ್ದಾಡಿದ. ಕ್ವಿನೀನ್ ಒತ್ತಿದೆ.
ಅವನು ಅತ್ತದ್ದು ಸೂಜಿಗೆ ಅಳುವ ಅಳುವಲ್ಲ.
ಇಪ್ಪತ್ತೊಂಬತ್ತು ವರ್ಷವಾಯಿತು,
ಆ ಎರಡು ಅಳುವಿನ ವ್ಯತ್ಯಾಸವನ್ನು
ಯಾವ ಪಾಠದಲ್ಲಿ ಹಾಕಲಿ?

ಜ್ವರ ಬಿಟ್ಟಿತು. ಮರುವಾರ ತಾಯಿ ಕೋಳಿ ತಂದುಕೊಟ್ಟಳು.
ಹಿಂದೆಯೇ ಅವನು, ಎಡಪಾದ ಒದ್ದೆ ಬಟ್ಟೆಯಂತೆ ಜೋತು.
ಪೋಲಿಯೊ ಅಂದರು ನೆರೆಯವರು. ಪೋಲಿಯೊ ಅಂದಳು ತಾಯಿ.
ಚುಚ್ಚಿದ ಕಾಲೇ, ಚುಚ್ಚಿದ ರಾತ್ರಿಯೇ ಬಿದ್ದದ್ದು
ನನಗೊಬ್ಬಳಿಗೆ ಗೊತ್ತು.
ರಿಜಿಸ್ಟರಿನಲ್ಲಿ ಬರೆದೆ: ಪೋಲಿಯೊ.
ಕೋಳಿಯನ್ನೂ ತಿಂದೆ.

ನರ ತಿಂಗಳಿಗೊಂದು ಅಂಗುಲ ಚಿಗುರುತ್ತದೆ ಅಂತ ಓದಿದ್ದೆ.
ಚರ್ಚಿನ ಹಿಂದಿನ ಬೆಂಚಿನಿಂದ
ಪ್ರತಿ ತಿಂಗಳೂ ಕಣ್ಣಲ್ಲೇ ಅಳೆದೆ.
ಮೊಣಕಾಲ ತನಕ ಬಂದಿರಬೇಕು.
ಆಮೇಲೆ ಬರಲಿಲ್ಲ.

ಈಗವನು ಮಾರುಕಟ್ಟೆಯ ಬಾಯಲ್ಲಿ ಸೈಕಲ್ ರಿಪೇರಿ ಮಾಡುತ್ತಾನೆ.
ಹಳೆ ಟ್ಯೂಬಿನ ಪಟ್ಟಿ ಕತ್ತರಿಸಿ
ಪಾದದ ತುದಿಯಿಂದ ಮೊಣಕಾಲಿಗೆ ಬಿಗಿದು
ಬೆರಳು ನೆಲಕ್ಕೆ ಎಡವದಂತೆ ಎತ್ತಿಕೊಂಡಿದ್ದಾನೆ,
ಯಾವ ಡಾಕ್ಟರೂ ಹೇಳಿಕೊಟ್ಟದ್ದಲ್ಲ.
ವೆಲ್ಡಿಂಗಿನ ಕಿಡಿ ಪಾದದ ಮೇಲೆ ಬಿದ್ದರೆ
ವಾಸನೆಯಿಂದ ತಿಳಿಯುತ್ತದಂತೆ.
ಪಟ್ಟಿ ಸಡಿಲಾದ ದಿನ ಬರುವ ಮೊದಲೇ ಕೇಳಿಸುತ್ತಾನೆ:
ಒಂದು ಹೆಜ್ಜೆ, ಒಂದು ಚಪ್ಪಾಳೆ,
ಒಂದು ಹೆಜ್ಜೆ, ಒಂದು ಚಪ್ಪಾಳೆ.

ಇವತ್ತು ಕೇಳಿಸಿದ. ಹೆಗಲ ಮೇಲೆ ಮಗಳು ಅಕುರುಟ್, ಕಾದ ಬಂಡೆ.
ಅವಳನ್ನು ಬೋರಲು ಮಲಗಿಸಿ ನನ್ನ ಕೈ ನೋಡಿದ.
"ಬೇಡ, ಮಾತ್ರೆ ಸಾಕು. ಈಗ ಒಳ್ಳೆಯವು ಬಂದಿವೆ."
ನೀರಲ್ಲಿ ಕದಡಿ ಕುಡಿಸಿದೆ. ಕಕ್ಕಲಿಲ್ಲ. ನಿದ್ದೆ ಹೋದಳು.

ಹಳೆ ರಿಜಿಸ್ಟರು ಹುಡುಕಿದೆ, ಆ ಒಂದು ಪದ ಹೊಡೆದುಹಾಕಲು.
ಗೆದ್ದಲು ಆ ವರ್ಷವನ್ನು ಪೂರ್ತಿ ತಿಂದಿತ್ತು,
ರಟ್ಟು ಮಾತ್ರ ಬಿಟ್ಟು.
ಹಾಗಾದರೆ ಬಾಯಿಂದಲೇ ಹೇಳಬೇಕು.

"ಇಮಲಿಂಗಾಟ್, ಆ ರಾತ್ರಿ ದೀಪದಲ್ಲಿ ಎಣ್ಣೆ ಇತ್ತು.
ನನಗೆ ಕಾಣಿಸುತ್ತಿತ್ತು."

ಅವನು ತಲೆಯೆತ್ತಲಿಲ್ಲ.
ಟ್ಯೂಬಿನ ಒಂದು ತುದಿ ನನ್ನತ್ತ ಚಾಚಿದ:
"ಸಡಿಲಾಗಿದೆ ಸಿಸ್ಟರ್. ಗಂಟು ಹಾಕುವ ತನಕ
ಇದನ್ನು ಹಿಡಿದುಕೊಂಡಿರಿ.
ಗಟ್ಟಿಯಾಗಿ."